ಹೊನ್ನಪ್ಪನ ರುಜು

ಹೊನ್ನಪ್ಪ ತೀರಿಕೊಂಡ ಹನ್ನೊಂದನೆಯ ದಿನ ಡೈರಿಯಲ್ಲಿ ಅವನ ಫೋಟೋ ಇಟ್ಟು, ಅದಕ್ಕೊಂದು ಸೇವಂತಿಗೆ ಹಾರ ಹಾಕಿ, ನನ್ನನ್ನು ಮುಂದಕ್ಕೆ ನೂಕಿದರು. ಇಪ್ಪತ್ತು ವರ್ಷ ಅವನ ಕೈಕೆಳಗೆ ಹಾಲು ಟೆಸ್ಟ್ ಮಾಡಿದವನು ನಾನು, ನಾಲ್ಕು ಮಾತಾಡಬೇಕಂತೆ. ನಾಲ್ಕೇ ಮಾತಾಡಿದೆ. ಒಳ್ಳೆಯವನು, ಶಿಸ್ತಿನವನು, ಹಾಲಿಗೆ ನೀರು ಬೆರೆಸಿ ತಂದವರನ್ನು ಸುಮ್ಮನೆ ಬಿಟ್ಟವನಲ್ಲ, ಅವನ ಆತ್ಮಕ್ಕೆ ಶಾಂತಿ ಸಿಗಲಿ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಸುಮ್ಮನಿದ್ದು ಮನೆಗೆ ಹೋದರು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಹೇಳದೆ ನುಂಗಿದ್ದು ಬಹಳ ಇತ್ತು. ಅದರಲ್ಲಿ ಅರ್ಧ ನನ್ನ ಮಾನಕ್ಕೆ ಸೇರಿದ್ದು. ಹಾಗಾಗಿ ಅಲ್ಲಿ ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಪಾಲಹಳ್ಳಿ ದಾಟಿ ನಾಲೆ ಏರಿಯ ಮೇಲೆ ಎರಡು ಮೈಲಿ ನಡೆದರೆ ನಮ್ಮೂರು. ಆ ಊರಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲನೆಯವನು ಹೊನ್ನಪ್ಪ. ಅದೊಂದು ಪಾಸು ಅವನನ್ನು ಸಾಯುವ ತನಕ ಸಾಕಿತು. ಡೈರಿ ಶುರುವಾದಾಗ ಸೆಕ್ರೆಟರಿ ಯಾರು ಎಂಬ ಚರ್ಚೆಯೇ ಆಗಲಿಲ್ಲ. ಬಿಳಿ ಷರಟು, ಜೇಬಿನಲ್ಲಿ ಶಾಯಿ ಪೆನ್ನು, ಹಣೆಗೆ ಸಣ್ಣ ಕುಂಕುಮ. ಬೆಳಗ್ಗೆ ಹಾಲು ಅಳೆದು ಮುಗಿಸಿದ ಮೇಲೆ ಅವನ ನಿಜವಾದ ಕಚೇರಿ ಶುರುವಾಗುತ್ತಿತ್ತು. ಮೈಸೂರಿಂದ ಮಗಳು ಬರೆದ ಕಾಗದ ಓದಿಸಿಕೊಳ್ಳುವವರು, ಪಿಂಚಣಿ ಅರ್ಜಿ ತುಂಬಿಸಿಕೊಳ್ಳುವವರು, ಪತ್ರಕ್ಕೆ ಸಾಕ್ಷಿ ಹಾಕಿಸಿಕೊಳ್ಳುವವರು.

ಸಾಕ್ಷಿಯೆಂದರೆ ಹೊನ್ನಪ್ಪನೇ. ಪಾಲುಪಟ್ಟಿಯಾಗಲಿ, ಭೋಗ್ಯದ ಪತ್ರವಾಗಲಿ, ಅಣ್ಣತಮ್ಮಂದಿರ ರಾಜಿಯಾಗಲಿ, ಕೊನೆಗೆ ಅವನ ರುಜು ಬೀಳದಿದ್ದರೆ ಯಾರಿಗೂ ಸಮಾಧಾನವಿಲ್ಲ. ರುಜುವೂ ಹಾಗೇ ಇತ್ತು ಅನ್ನಿ. ನಿಧಾನಕ್ಕೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಊದಿ ಒಣಗಿಸಿ ಕೊಡುತ್ತಿದ್ದ. ನಮ್ಮ ಕಡೆ ಒಂದು ರೂಢಿ ಇದೆ. ಸಾಕ್ಷಿ ಪತ್ರದ ಹತ್ತಿರ ಹೋಗುವುದಿಲ್ಲ, ಪತ್ರವೇ ಸಾಕ್ಷಿಯ ಹತ್ತಿರ ಬರುತ್ತದೆ. ಎಲ್ಲೋ ಬರೆಸಿ, ಎಲ್ಲೋ ಹೆಬ್ಬೆಟ್ಟು ಒತ್ತಿ, ಟವೆಲಿನಲ್ಲಿ ಸುತ್ತಿಕೊಂಡು ಡೈರಿಗೆ ತರುತ್ತಾರೆ. “ನಾನು ಒತ್ತಿವ್ನಿ ಕಣಣ್ಣ, ನೀನೊಂದು ರುಜು ಆಕು” ಅನ್ನುತ್ತಾರೆ. ಪತ್ರದ ಕೊನೆಯಲ್ಲಿ ಮಾತ್ರ ‘ಈ ಕೆಳಗೆ ಸಹಿ ಮಾಡಿದ ಸಾಕ್ಷಿಗಳ ಸಮಕ್ಷಮದಲ್ಲಿ’ ಎಂದು ಬರೆದಿರುತ್ತದೆ. ಅದನ್ನು ಸುಳ್ಳು ಎಂದು ಯಾರೂ ಅಂದುಕೊಂಡಿರಲಿಲ್ಲ. ಮದುವೆ ಕಾಗದದಲ್ಲಿ ‘ಸುಖಾಗಮನ ಬಯಸುವ’ ಎಂದು ಬರೆಯುವುದಿಲ್ಲವೇ, ಹಾಗೆ.

ಎಂಬತ್ತೆಂಟರಲ್ಲಿ ಮರಿಯಯ್ಯ ಅಂಥದ್ದೇ ಒಂದು ಪತ್ರ ತಂದ. ಅದು ಉಯಿಲು. ಮರಿಯಯ್ಯನಿಗೆ ಮಕ್ಕಳಿರಲಿಲ್ಲ. ಹೆಂಡತಿ ಕಾಯಿಲೆ ಬಿದ್ದಾಗ ನೋಡಿಕೊಳ್ಳಲು ಅವಳ ತಂಗಿ ಮಂಚಮ್ಮ ಬಂದಿದ್ದಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದವಳು. ಅಕ್ಕ ತೀರಿಕೊಂಡ ಮೇಲೂ ಮಂಚಮ್ಮ ಆ ಮನೆ ಬಿಟ್ಟು ಹೋಗಲಿಲ್ಲ, ಹೋಗಲು ಬೇರೆ ಮನೆಯೂ ಇರಲಿಲ್ಲ. ಹಸು ಕಟ್ಟಿದಳು, ಇಪ್ಪತ್ತು ಗುಂಟೆ ಗದ್ದೆ ನೋಡಿಕೊಂಡಳು, ಮುದುಕನಿಗೆ ಮುದ್ದೆ ತೊಳಸಿ ಹಾಕಿದಳು. ಊರು ಏನೇನು ಆಡಿಕೊಂಡಿತೋ ಅದೆಲ್ಲ ನಿಮಗೇ ಗೊತ್ತಾಗುತ್ತದೆ, ನಾನು ಬರೆಯಬೇಕಿಲ್ಲ. ಆ ಮಾತಿಗೆ ಹೆದರಿಯೇ ಮರಿಯಯ್ಯ ಉಯಿಲನ್ನು ಶ್ರೀರಂಗಪಟ್ಟಣದಲ್ಲಿ ಬರೆಸಲಿಲ್ಲ. ಅಲ್ಲಿ ಕಾಲಿಟ್ಟ ಕಡೆ ನಮ್ಮೂರವರೇ. ಪಾಂಡವಪುರಕ್ಕೆ ಹೋಗಿ ಬರೆಸಿ, ಅಲ್ಲೇ ಹೆಬ್ಬೆಟ್ಟು ಒತ್ತಿ ಬಂದಿದ್ದ.

ಹಾಲು ಹಾಕುವವರೆಲ್ಲ ಹೋದ ಮೇಲೆ ಬಂದ. ನಾನು ಟೆಸ್ಟಿನ ಗಾಜಿನ ಕೊಳವೆ ತೊಳೆಯುತ್ತಿದ್ದೆ.

“ಬರೆಸಿದ್ದೂ ನಾನೇ, ಎಬ್ಬೆಟ್ಟೂ ನಂದೇ ಕಣಪ್ಪ. ನನ್ ಮನೆ, ನನ್ ಗದ್ದೆ ಎಲ್ಡೂ ಮಂಚಿಗೆ. ಯಾರ್ಗೂ ಏಳ್ಬ್ಯಾಡ” ಎಂದ.

ಹೊನ್ನಪ್ಪ ಓದಿ ರುಜು ಹಾಕಿದ. ಇನ್ನೊಂದು ಸಾಕ್ಷಿ ದಾಸಯ್ಯ, ಅವನ ಕೈಲಿ ಗದ್ದೆಯ ಬದುವಿನಲ್ಲೇ ಹಾಕಿಸಿದ್ದನಂತೆ. ಮೂರು ವರ್ಷದ ಮೇಲೆ ಮರಿಯಯ್ಯ ಸತ್ತ, ಅವನ ಹಿಂದೆಯೇ ದಾಸಯ್ಯನೂ ಹೋದ. ಮರಿಯಯ್ಯನ ಅಣ್ಣನ ಮಗ ಮಹದೇವಸ್ವಾಮಿ ಮಂಡ್ಯದಲ್ಲಿ ನೌಕರಿಯಲ್ಲಿದ್ದವನು, ತಿಥಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಮನೆ ಖಾಲಿ ಮಾಡು ಎಂದ. ಮಂಚಮ್ಮ ಟ್ರಂಕಿನಿಂದ ಉಯಿಲು ತೆಗೆದಳು. ವಿಷಯ ಶ್ರೀರಂಗಪಟ್ಟಣದ ಕೋರ್ಟಿಗೆ ಹೋಯಿತು. ಮನೆ, ಗದ್ದೆ ಉಯಿಲಿನ ಪ್ರಕಾರ ತನ್ನವು ಎಂದು ಅವಳ ಅರ್ಜಿ. ವಕೀಲ ಮರಿಸ್ವಾಮಿ ಅವಳಿಗೆ ಹೇಳಿದ್ದು ಒಂದೇ ಮಾತು, ಉಳಿದಿರುವ ಸಾಕ್ಷಿ ಹೊನ್ನಪ್ಪ ಒಬ್ಬನೇ, ಅವನು ಬಂದು ಹೇಳಿದರೆ ಮನೆ ನಿಂದು, ಬರದಿದ್ದರೆ ಬೀದಿ ನಿಂದು.

ಇದನ್ನು ಕೇಳಿದ ದಿನ ಹೊನ್ನಪ್ಪನ ಮುಖ ಬಿಳುಚಿಕೊಂಡಿತು. ಮಹದೇವಸ್ವಾಮಿ ಮೊದಲೇ ಬಂದು ಕಿವಿಗೆ ಊದಿ ಹೋಗಿದ್ದ, ನೋಡದೆ ರುಜು ಹಾಕಿದವನು ನೋಡಿದೆ ಅಂದರೆ ಸುಳ್ಳು ಸಾಕ್ಷಿ, ಸುಳ್ಳು ಸಾಕ್ಷಿಗೆ ಜೈಲು ಎಂದು.

“ನೋಡ್ಲಿಲ್ಲ ಅಂತ ನಿಜ ಏಳಿದ್ರೆ ಅವ್ಳ ಮನೆ ಓಯ್ತದೆ. ನೋಡ್ದೆ ಅಂದ್ರೆ ನಾನು ಓಯ್ತೀನಿ. ಅದೂ ಇರ್ಲಿ ಬುಡು ಬೋರ, ಈ ಊರಲ್ಲಿ ನನ್ ರುಜು ಇಲ್ದಿರೊ ಪತ್ರ ಯಾವುದದೆ? ಒಂದು ಸುಳ್ಳು ಅಂದ್ರೆ ಎಲ್ಲಾನೂ ಸುಳ್ಳು ಅಂತಾರೆ” ಎಂದು ಹೊನ್ನಪ್ಪ ನನಗೆ ಹೇಳಿದ.

ಹಾಗಾಗಿ ಅವನು ನಿಜವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ, ಅಡಗಿಕೊಂಡ. ಕೋರ್ಟಿನ ಅಮೀನ ಸಮನ್ಸ್ ಹಿಡಿದು ಬಂದಾಗ ನಾನೇ ಎದುರು ಹೋಗಿ, “ಸೆಕ್ರೆಟ್ರಿ ಧರ್ಮಸ್ಥಳಕ್ಕೆ ಓಗವ್ರೆ ಸಾಮಿ” ಎಂದೆ. ಧರ್ಮಸ್ಥಳಕ್ಕೆ ಹೋದವನು ಹಿಂದಿನ ಕೋಣೆಯಲ್ಲಿ ಪಶು ಆಹಾರದ ಮೂಟೆಗಳ ನಡುವೆ ಕೂತು ಕೆಮ್ಮು ತಡೆದುಕೊಳ್ಳುತ್ತಿದ್ದ. ಆಣೆ ಪ್ರಮಾಣಕ್ಕೆ ಹೆಸರಾದ ಕ್ಷೇತ್ರದ ಹೆಸರನ್ನೇ ಸುಳ್ಳಿಗೆ ಬಳಸಿಕೊಂಡೆನಲ್ಲ ಎಂದು ಆಗ ನನಗೆ ನಗು ಬಂದಿತ್ತು. ಎರಡನೆಯ ಸಲ ಬಂದಾಗಲೂ ಅದೇ ಹೇಳಿದೆ. “ಏನಪ್ಪಾ, ಅಲ್ಲೇ ಮನೆ ಮಾಡ್ಬುಟ್ಟವ್ರ?” ಎಂದು ಅಮೀನ ಕೇಳಿ ಹೋದ.

ವಕೀಲರಿಗೆ ರೇಗಿ, ವಾರಂಟ್ ಹಾಕಿಸಿ ಪೊಲೀಸಿನವರ ಕೈಲಿ ಎಳೆಸಿಕೊಂಡು ಬರುತ್ತೇನೆ ಎಂದರಂತೆ. ಬೇಡ ಎಂದವಳು ಮಂಚಮ್ಮನೇ. ಮಾರನೆಯ ಬೆಳಗ್ಗೆ ಹಾಲಿನ ಚೊಂಬು ಹಿಡಿದು ಬಂದು ಹೊನ್ನಪ್ಪನಿಗೆ ಹೇಳಿದಳು.

“ಊರ್ಗೆ ದೊಡ್ಡ ಮನ್ಸ, ಪೋಲೀಸ್ನೋರು ಬರೋದು ಚಂದ ಅಲ್ಲ, ನಾನೇ ಕರ್ಕಂಡ್ ಬತ್ತೀನಿ ಅಂದಿವ್ನಿ ಕಣಣ್ಣ. ಬತ್ತೀರಲ್ವಾ?”

ಹೊನ್ನಪ್ಪ ನೆಲ ನೋಡುತ್ತಾ, “ಬತ್ತೀನಿ ಕಣವ್ವ. ನೀನು ಮುಂದ್ಗಡೆ ಬಸ್ಸಲ್ಲಿ ಓಗಿರು, ನಾನು ಡೈರಿ ಮುಗಿಸ್ಕಂಡು ಇಂದ್ಗಡೆ ಬಸ್ಸಲ್ಲಿ ಬತ್ತೀನಿ” ಎಂದ.

ತೊಂಬತ್ತನಾಲ್ಕರ ಆಗಸ್ಟ್ ತಿಂಗಳು. ಆ ದಿನ ವಕೀಲರಿಗೆ ಪಾಂಡವಪುರದ ಕೋರ್ಟಿನಲ್ಲಿ ಬೇರೆ ಕೇಸಿತ್ತು. ಹೆಸರು ಕೂಗಿದಾಗ ಎದ್ದು ನಿಂತು, ಸಾಕ್ಷಿ ಬರುತ್ತಿದ್ದಾರೆ ಎಂದು ಹೇಳು, ಅಷ್ಟರಲ್ಲಿ ಬರುತ್ತೇನೆ ಎಂದು ಮಂಚಮ್ಮನಿಗೆ ಹೇಳಿ ಹೋಗಿದ್ದರು. ಮಂಚಮ್ಮ ಕೋರ್ಟಿನಲ್ಲಿ ಕೂರಲಿಲ್ಲ. ದೊಡ್ಡ ಮನುಷ್ಯ ಬಸ್ಸಿಳಿದು ಕೋರ್ಟು ಹುಡುಕಿಕೊಂಡು ಅಲೆಯಬಾರದು ಎಂದು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ಬಂದ ಒಂದೊಂದು ಬಸ್ಸಿನ ಬಾಗಿಲನ್ನೂ ನೋಡುತ್ತಾ ನಿಂತಳು. ಅಲ್ಲಿ ಕೋರ್ಟಿನಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಿದರು. ಓ ಅನ್ನುವವರು ಯಾರೂ ಇರಲಿಲ್ಲ. ಮಹದೇವಸ್ವಾಮಿಯ ವಕೀಲ ಎದ್ದು ಒಂದು ಮಾತು ಹೇಳಿದ, ಅರ್ಜಿ ವಜಾ ಆಯಿತು.

ಊರಿನ ಅರಳೀಕಟ್ಟೆಯಲ್ಲಿ ಕಾನೂನು ಓದದ ವಕೀಲರಿಗೆ ಬರವಿಲ್ಲ. ವಜಾ ಅಂದರೆ ಮುಗಿಯಿತು, ಇನ್ನು ಬ್ರಹ್ಮ ಬಂದರೂ ಆಗುವುದಿಲ್ಲ ಎಂದು ಒಬ್ಬ. ಹೈಕೋರ್ಟಿಗೇ ಹೋಗಬೇಕು, ಅದಕ್ಕೆ ಗದ್ದೆ ಮಾರಬೇಕು ಎಂದು ಇನ್ನೊಬ್ಬ. ಮಂಚಮ್ಮ ವಕೀಲರ ಕಡೆ ತಲೆ ಹಾಕಲೇ ಇಲ್ಲ. ನಿಲ್ಲಬೇಕಾದ ಕಡೆ ನಿಲ್ಲದೆ ಬೀದಿಯಲ್ಲಿ ನಿಂತು ಕೆಡಿಸಿಕೊಂಡೆ ಎಂದು ಅವಳಿಗೆ ನಾಚಿಕೆ. ಹೊನ್ನಪ್ಪನನ್ನು ಒಂದು ಮಾತು ಕೇಳಲಿಲ್ಲ. “ನಾನೇ ಪೆದ್ದಿ, ಅಲ್ಲೋಗಿ ನಿಂತ್ಕಬುಟ್ಟೆ” ಎಂದು ಹಾಲು ಅಳೆಸುತ್ತಾ ಹೇಳಿದಳು. ಬಸ್ಸು ಸಿಗಲಿಲ್ಲ ಎಂದು ಹೊನ್ನಪ್ಪ ಏನೋ ಗೊಣಗಿದ. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಆ ದಿನ ಅವನ ಮುಖದಲ್ಲಿ ಎರಡು ವರ್ಷದಿಂದ ಕಾಣದ ಗೆಲುವು ಕಂಡಿತು. ಮುಗಿಯಿತಲ್ಲ, ಇನ್ನು ಯಾರೂ ಕರೆಯುವುದಿಲ್ಲ ಎನ್ನುವ ಗೆಲುವು. ಮಧ್ಯಾಹ್ನ ಬುತ್ತಿಯಲ್ಲಿದ್ದ ಎರಡು ಮುದ್ದೆಯನ್ನೂ ಉಂಡ.

ಹದಿನೈದು ದಿನ ಕಳೆದ ಮೇಲೆ ಮಂಚಮ್ಮನಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಎಲ್ಲರ ಹಾಗೆ ಅವಳೂ ಅದನ್ನು ಡೈರಿಗೆ ತಂದಳು. ಹೊನ್ನಪ್ಪ ಕನ್ನಡಕ ಹಾಕಿಕೊಂಡು ಓದಿದ.

“ವಕೀಲ್ರು ಬರ್ದವ್ರೆ. ನಿನ್ ಅರ್ಜಿ ವಜಾ ಆಗದೆ ಅಂತ” ಎಂದ.

“ಅದು ಗೊತ್ತಿರೋದೇ. ಇನ್ನೇನೂ ಇಲ್ವಾ ಅಣ್ಣ?”

“ಇಲ್ಲ ಕಣವ್ವ. ಇದು ಇಲ್ಲೇ ಇರ್ಲಿ, ಬುಡು.”

ಅವಳು ಚೊಂಬು ಎತ್ತಿಕೊಂಡು ಹೋದಳು. ಹೊನ್ನಪ್ಪ ಕಾರ್ಡನ್ನು ಡ್ರಾಯರಿಗೆ ಹಾಕಿ ಕೈಕಾಲು ತೊಳೆಯಲು ಹೊರಗೆ ಹೋದ. ನಾನು ಡ್ರಾಯರು ಎಳೆದು ಓದಿದೆ. ಮೊದಲ ಸಾಲಿನಲ್ಲಿ ಅವನು ಹೇಳಿದ್ದೇ ಇತ್ತು. ಎರಡನೆಯ ಸಾಲಿನಲ್ಲಿ, ‘ಇದು ಗೈರುಹಾಜರಿಗಾಗಿ ವಜಾ ಆಗಿರುವುದು, ತೀರ್ಪಲ್ಲ, ಮೂವತ್ತು ದಿನದೊಳಗೆ ಬಂದರೆ ಕಾರಣ ಹೇಳಿ ಮತ್ತೆ ತೆರೆಸಬಹುದು, ತಪ್ಪದೆ ಬರತಕ್ಕದ್ದು’ ಎಂದಿತ್ತು. ಕಾರ್ಡು ನನ್ನ ಕೈಯಲ್ಲಿರುವಾಗಲೇ ಹೊನ್ನಪ್ಪ ಒಳಗೆ ಬಂದ. ಒದ್ದೆ ಕೈಯಲ್ಲೇ ಅದನ್ನು ತೆಗೆದುಕೊಂಡು ಡ್ರಾಯರಿಗೆ ಹಾಕಿ ಮುಚ್ಚಿದ. ನಾನು ಗಾಜಿನ ಕೊಳವೆ ತೊಳೆಯಲು ಹೋದೆ. ಅವಳ ಮನೆ ಡೈರಿಗೆ ಐವತ್ತು ಹೆಜ್ಜೆ. ಹೋಗಿ ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಮಾರನೆಯ ದಿನ ಹೊನ್ನಪ್ಪನ ಮುಖ ಹೇಗೆ ನೋಡಲಿ, ನೌಕರಿ ಉಳಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದೆ. ಮೂವತ್ತು ದಿನ ಹಾಗೇ ಹೋಯಿತು.

ಮುಂದಿನ ಜುಲೈನಲ್ಲಿ ಒಂದು ಬೆಳಗ್ಗೆ, ಎಲ್ಲರೂ ಹೋದ ಮೇಲೆ, ಮಂಚಮ್ಮ ಒಂದು ಪತ್ರ ತಂದು ಮೇಜಿನ ಮೇಲಿಟ್ಟಳು. ಮಹದೇವಸ್ವಾಮಿ ಅವಳ ಹೆಸರಿನಲ್ಲಿ ಬರೆಸಿದ ಪತ್ರ. ಮನೆ ಗದ್ದೆಗಳಲ್ಲಿ ತನಗೆ ಯಾವ ಹಕ್ಕೂ ಇಲ್ಲ, ಗೌರಿ ಹಬ್ಬದೊಳಗೆ ಬಿಟ್ಟುಕೊಡುತ್ತೇನೆ ಎಂದು. ಹೆಬ್ಬೆಟ್ಟಿನ ಶಾಯಿ ಅವಳ ಬೆರಳಲ್ಲಿ ಇನ್ನೂ ಇತ್ತು.

“ನಾಗಮಂಗಲದ ತಾವ ನಮ್ಮ ಚಿಕ್ಕವ್ವನ ಮಗ ಅವ್ನೆ, ಕೊಟ್ಟಿಗೇಲಿ ಜಾಗ ಕೊಡ್ತೀನಿ ಅಂದವ್ನೆ. ಅಸೂನೂ ಒಡ್ಕಂಡ್ ಓಯ್ತೀನಿ. ನಾನು ಒತ್ತಿವ್ನಿ ಕಣಣ್ಣ, ನೀವೊಂದು ರುಜು ಆಕ್ಬುಡಿ” ಎಂದಳು.

ಹೊನ್ನಪ್ಪ ಪೆನ್ನಿನ ಮುಚ್ಚಳ ತೆಗೆದ. ಮತ್ತೆ ಹಾಕಿದ. ಮತ್ತೆ ತೆಗೆದ. ಕೊನೆಗೆ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, “ನಡಿಯವ್ವ, ವಕೀಲ್ರ ತಾವ ಓಗನ. ಮುಗ್ದದೋ ಇಲ್ವೋ ಕೇಳನ” ಎಂದ. ಡ್ರಾಯರಿನಿಂದ ಕಾರ್ಡನ್ನೂ ತೆಗೆದುಕೊಂಡ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದ.

ವಕೀಲ ಮರಿಸ್ವಾಮಿ ಕೋಟೆಯೊಳಗೆ ಒಂದು ಹಳೆಯ ಮನೆಯ ಜಗುಲಿಯಲ್ಲಿ ಆಫೀಸು ಮಾಡಿಕೊಂಡಿದ್ದರು. ಮಂಚಮ್ಮನನ್ನು ಕಂಡು, “ಕಾರ್ಡ್ ಹಾಕಿದ್ದೆನಲ್ಲಮ್ಮಾ, ಈಗ ಬರ್ತಿದ್ದೀಯಾ?” ಎಂದು ಸಿಡುಕಿದರು.

“ಕಾರ್ಡ್ನಾಗೆ ವಜಾ ಅಂತ ಇತ್ತಲ್ಲ ಬುದ್ದಿ” ಎಂದಳು.

ಹೊನ್ನಪ್ಪ ಕಾರ್ಡನ್ನು ಮೇಜಿನ ಮೇಲಿಟ್ಟ. ಎರಡನೆಯ ಸಾಲನ್ನು ಬೆರಳಿಟ್ಟು, ಜೋರಾಗಿ, ಅವಳಿಗೆ ಕೇಳುವಂತೆ ಓದಿದ. ಓದಿ, “ಇದನ್ನ ನಾನು ಓದ್ಲಿಲ್ಲ ಕಣವ್ವ. ಬೇಕೂ ಅಂತ ಓದ್ಲಿಲ್ಲ” ಎಂದ. ಮಂಚಮ್ಮ ಅವನನ್ನು ನೋಡಲಿಲ್ಲ. ಕಾರ್ಡನ್ನೇ ನೋಡುತ್ತಿದ್ದಳು. ನಾನು ಕಿಟಕಿ ನೋಡುತ್ತಿದ್ದೆ.

ವಕೀಲರು ಬೈಯುವುದನ್ನೆಲ್ಲ ಬೈದು ಮುಗಿಸಿದ ಮೇಲೆ ವಿವರಿಸಿದರು. ಎರಡೂ ಕಡೆ ಕೇಳಿ ತೀರ್ಪಾಗಿ ವಜಾ ಆಗಿದ್ದರೆ ಅದೇ ಅರ್ಜಿಯನ್ನು ಮತ್ತೆ ಹಾಕಲು ಬರುವುದಿಲ್ಲ, ಮೇಲಿನ ಕೋರ್ಟಿಗೇ ಹೋಗಬೇಕು. ಇದು ಕೂಗಿದಾಗ ಯಾರೂ ಇಲ್ಲದ್ದಕ್ಕೆ ಆದದ್ದು. ಯಾಕೆ ಬರಲಿಲ್ಲ, ಇಷ್ಟು ತಿಂಗಳು ಯಾಕೆ ತಡವಾಯಿತು, ಎರಡಕ್ಕೂ ಕೋರ್ಟು ಒಪ್ಪುವ ಕಾರಣ ಪ್ರಮಾಣ ಮಾಡಿ ಹೇಳಿದರೆ ಹಳೆಯದನ್ನೇ ಎಬ್ಬಿಸಬಹುದು. ಒಪ್ಪುವುದು ಬಿಡುವುದು ಜಡ್ಜಿಗೆ ಬಿಟ್ಟದ್ದು. “ಕಾಮಾಲೆ ಆಗಿತ್ತು ಅಂತ ಬರೆಸೋದು ಸಾಮಾನ್ಯ” ಎಂದರು.

“ಕಾಮಾಲೆ ಬ್ಯಾಡಿ, ನಾನೇ ಏಳ್ತೀನಿ” ಎಂದ ಹೊನ್ನಪ್ಪ.

“ಮೊದಲು ಇದು ಹೇಳಿ, ಆ ಉಯಿಲಿಗೆ ಸಹಿ ಹಾಕಿದ ದಿನ ನಡೆದದ್ದೇನು?”

ಹೊನ್ನಪ್ಪ ಹೇಳಿದ. ಹೆಬ್ಬೆಟ್ಟು ಒತ್ತಿದ್ದನ್ನು ನೋಡಿಲ್ಲ, ಮರಿಯಯ್ಯ ಒತ್ತಿಕೊಂಡು ತಂದು, ಇದು ನನ್ನದೇ ಎಂದು ಹೇಳಿದ, ಅವನೆದುರೇ ನಾನು ಹಾಕಿದೆ. ವಕೀಲರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು.

“ಅಷ್ಟೇನಾ? ಇದಕ್ಕಾಗಿ ಅಡಗಿಕೊಂಡಿದ್ದಿರಾ? ಒತ್ತಿದ್ದನ್ನ ನೋಡ್ಲೇಬೇಕು ಅಂತಿಲ್ಲ ಕಣ್ರೀ. ಬರೆಸಿದವನೇ ಬಂದು ಇದು ನನ್ನ ಹೆಬ್ಬೆಟ್ಟು ಅಂತ ನಿಮಗೆ ಬಾಯಾರೆ ಹೇಳಿದ್ರೆ ಕಾನೂನಿಗೆ ಅದೂ ಸಾಕು. ನಿಜವನ್ನೇ ಹೇಳಿದ್ರೂ ನಡೀತಿತ್ತು. ಕಾಲು ಗಂಟೆ ಕೆಲಸ.”

ಹೊನ್ನಪ್ಪ ಜಗುಲಿಯ ಮೇಲೆ ಕೂತ. ಅವನ ಹೆಂಡತಿ ಯಾವಾಗಲೂ ಹೇಳುತ್ತಿದ್ದಳು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು. ಇವನ ಮಾನ ಅಡಿಕೆಗೂ ಹೋಗಿರಲಿಲ್ಲ, ಹೋಗುತ್ತದೆ ಎಂಬ ಭಯಕ್ಕೇ ಕೈಯಾರೆ ಕಳೆದುಕೊಂಡಿದ್ದ.

ವಿಚಾರಣೆಯ ದಿನ ಊರಿನ ಮೂವತ್ತು ಜನ ಕೋರ್ಟಿನಲ್ಲಿದ್ದರು. ಹೊನ್ನಪ್ಪ ಬಿಳಿ ಷರಟು ಹಾಕಿಕೊಂಡು ಕಟಕಟೆ ಹತ್ತಿದ. ಬರುತ್ತೇನೆಂದು ಮಾತು ಕೊಟ್ಟೆ, ಬಸ್ಸನ್ನೂ ಹತ್ತಿದೆ, ಶ್ರೀರಂಗಪಟ್ಟಣದಲ್ಲಿ ಈಕೆ ಬಸ್ಸಿನ ಬಾಗಿಲು ನೋಡುತ್ತಾ ನಿಂತಿದ್ದು ಕಂಡೆ, ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ತಲೆ ಬಗ್ಗಿಸಿದೆ, ಇಳಿಯದೆ ಪಾಂಡವಪುರದ ತನಕ ಹೋಗಿ ವಾಪಸು ಬಂದೆ ಎಂದ. ಇದು ನನಗೂ ಗೊತ್ತಿರಲಿಲ್ಲ. ಕಾರ್ಡಿನ ವಿಷಯವನ್ನೂ ಹೇಳಿದ. ಮಹದೇವಸ್ವಾಮಿಯ ವಕೀಲ ಎದ್ದು ನಿಂತ.

“ಹೀಗೆ ಒತ್ತಿದ್ದು ನೋಡದೆ ಎಷ್ಟು ಪತ್ರಕ್ಕೆ ಸಹಿ ಹಾಕಿದ್ದೀರಿ?”

“ನೋಡಿ ಆಕಿದ್ದೇ ಕಮ್ಮಿ ಸಾಮಿ.”

ಹಿಂದೆ ಕೂತಿದ್ದ ನಮ್ಮೂರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆ ಕಾರ್ಡನ್ನ ನೀವೇ ಮುಚ್ಚಿಟ್ಟಿರಿ ಅನ್ನೋದಕ್ಕೆ ಏನು ಗ್ಯಾರಂಟಿ? ಡೈರಿಯಲ್ಲಿ ಬೇರೆ ಯಾರೂ ಅದನ್ನ ಓದಲಿಲ್ಲವಾ?”

ಹೊನ್ನಪ್ಪ ಜನರ ಕಡೆ ನೋಡಿದ. ಕೊನೆಯ ಬೆಂಚಿನಲ್ಲಿ ನಾನಿದ್ದೆ. ಎದ್ದು ನಿಲ್ಲಲು ನನಗೆ ಬೇಕಾದಷ್ಟು ಹೊತ್ತು ಇತ್ತು.

“ಇಲ್ಲ ಸಾಮಿ, ನಾನೊಬ್ನೇ” ಎಂದ. ಆ ಕಟಕಟೆಯಲ್ಲಿ ಅವನು ಹೇಳಿದ ಸುಳ್ಳು ಅದೊಂದೇ.

ಕೋರ್ಟು ಒಪ್ಪಿತು, ಅರ್ಜಿ ಮತ್ತೆ ಎದ್ದಿತು. ಮುಂದೆ ಉಯಿಲಿನ ಸಾಕ್ಷಿಯನ್ನೂ ಹೊನ್ನಪ್ಪ ನಡೆದದ್ದು ನಡೆದ ಹಾಗೆ ಹೇಳಿದ. ತೊಂಬತ್ತೆಂಟರಲ್ಲಿ ತೀರ್ಪು ಮಂಚಮ್ಮನ ಪರವಾಗಿ ಬಂತು. ಅಷ್ಟರಲ್ಲಿ ಊರು ಅವನ ಹತ್ತಿರ ಪತ್ರ ತರುವುದನ್ನು ಬಿಟ್ಟಿತ್ತು. ಅವನ ರುಜು ಇದ್ದ ಪತ್ರ ಹಿಡಿದು ಮೂರು ಮನೆಯವರು ಬಾಗಿಲಿಗೆ ಬಂದು ಬೈದು ಹೋದರು.

ತೀರ್ಪಿನ ಮಾರನೆಯ ದಿನ ನಾವಿಬ್ಬರೂ ಮಂಚಮ್ಮನ ಮನೆಗೆ ಹೋದೆವು. ಚಾಪೆ ಹಾಸಿ ಕೂರಿಸಿದಳು, ಹಸುವಿನ ಹಾಲಿನ ಕಾಫಿ ಕೊಟ್ಟಳು. ಹೊನ್ನಪ್ಪ ಲೋಟ ಕೆಳಗಿಟ್ಟು, “ತಪ್ಪಾಯ್ತು ಕಣವ್ವ” ಎಂದು ಅತ್ತ.

“ಊರೋರೆಲ್ಲಾ ಕೇಳಂಗೆ ನಿಂತ್ಕಂಡು ಏಳಿದ್ರಲ್ಲಣ್ಣ. ಅಷ್ಟು ಸಾಕು, ಬುಡಿ. ಓದೋರ್ನ ನಂಬ್ದೆ ನಮ್ಮಂತೋರು ಬದುಕಾಕ್ ಆಯ್ತದಾ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಬೋರಪ್ಪ, ನಿಂಗೂ ಓದಾಕ್ ಬತ್ತದಲ್ವಾ? ಆ ಕಾರ್ಡ್ನ ನೀನೇನಾರ ನೋಡಿದ್ದಾ?”

ಕೋಪದಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕು ಎಂದು ಕೇಳಿದಳು. ಹೊನ್ನಪ್ಪ ಲೋಟ ನೋಡುತ್ತಾ ಕೂತ.

“ಇಲ್ಲ ಕಣಕ್ಕ, ನಾನು ನೋಡ್ಲಿಲ್ಲ” ಎಂದೆ.

ಅವಳು ನಂಬಿದಳು. ಇನ್ನೊಂದು ಲೋಟ ಕಾಫಿ ಬಗ್ಗಿಸಿ ಕೊಟ್ಟಳು, ಕುಡಿದೆ. ಹೊನ್ನಪ್ಪ ಸಾಯುವ ತನಕ ಅದನ್ನು ಯಾರ ಹತ್ತಿರವೂ ಅನ್ನಲಿಲ್ಲ. ಇದನ್ನು ಬರೆದು ಮುಗಿಸಿ ಮೂರು ದಿನವಾಯಿತು. ಮಂಚಮ್ಮನಿಗೆ ಓದಲು ಬರುವುದಿಲ್ಲ. ನಾನೇ ಹೋಗಿ ಓದಿ ಹೇಳಬೇಕು. ಇನ್ನೂ ಹೋಗಿಲ್ಲ.